ಕಂಪ್ಯೂಟರಿಗೆ ಹೊಲಿದ ಕೌದಿ

ಹೋದ ವಾರ ನಮ್ಮ ಮನೆಯಲ್ಲಿ ಏಳು ವಿಮಾನಗಳು ಬಿದ್ದವು.

ಗಾಬರಿಯಾಗಬೇಡಿ ಮಕ್ಕಳೇ, ಯಾರಿಗೂ ಗಾಯವಾಗಿಲ್ಲ. ಏಳನ್ನೂ ಹಾರಿಸಿದವಳು ಒಂಬತ್ತನೇ ಕ್ಲಾಸಿನ ಸಹನಾ, ನನ್ನ ಮಗಳ ಮಗಳು. ಬಿದ್ದದ್ದು ಹೊಸಪೇಟೆ ಚಿತ್ತವಾಡ್ಗಿಯ ನಮ್ಮ ನಡುಮನೆಯ ಕಂಪ್ಯೂಟರಿನಲ್ಲಿ. ವಿಮಾನ ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಟಪ್ ಎಂದು ಕಂಪ್ಯೂಟರೇ ಆಫ್! ಪರದೆ ಕಪ್ಪು. ಪೈಲಟ್ಟಿನ ಮುಖವೂ ಕಪ್ಪು.

ಈ ಕಂಪ್ಯೂಟರ್ ಮೊದಲು ನನ್ನ ಅಳಿಯಂದಿರ ಆಫೀಸಿನಲ್ಲಿತ್ತು. ಅಳಿಯ ವಿರೂಪಾಕ್ಷಪ್ಪನವರು ಗಣಿ ಕಂಪನಿಯೊಂದರಲ್ಲಿ ಅದಿರು ಲಾರಿಗಳ ತೂಕ ಬರೆಯುತ್ತಾರೆ. ಈಗ ಗಣಿಯವರ ಕೈ ಜೋರಲ್ಲವೇ? ಎರಡು ವರ್ಷಕ್ಕೊಮ್ಮೆ ಕಾರು ಹೊಸದು, ಕುರ್ಚಿ ಹೊಸದು, ಕಂಪ್ಯೂಟರೂ ಹೊಸದು. ಹಳೆಯದು ನಮ್ಮಂಥವರ ಮನೆಗೆ.

ಸಹನಾಳಿಗೆ ವಿಮಾನದ ಹುಚ್ಚು ಹಿಡಿಸಿದವರೂ ಗಣಿಯವರೇ. ಯಾರದೋ ಹೆಲಿಕಾಪ್ಟರ್ ಸಂಡೂರು ಗುಡ್ಡದ ಕಡೆಯಿಂದ ನಮ್ಮ ಮಾಳಿಗೆಯ ಮೇಲೆ ಹಾದು ಹೋಗುತ್ತದೆ. ನಾನು ಒಣಹಾಕಿದ ಹಪ್ಪಳ ಹಿಡಿದುಕೊಳ್ಳಲು ಓಡುತ್ತೇನೆ. ಅವಳು ಬಾಯಿ ತೆರೆದು ಮೇಲೆ ನೋಡುತ್ತಾಳೆ.

ಗೆಳತಿಯೊಬ್ಬಳಿಂದ ವಿಮಾನ ಹಾರಿಸುವ ಆಟದ ಸಿ.ಡಿ. ತಂದಳು. ಆದರೆ ಹಳೆಯ ಕಂಪ್ಯೂಟರಿನಲ್ಲಿ ವಿಮಾನ ದಿಬ್ಬ ಹತ್ತುವ ಎತ್ತಿನ ಗಾಡಿಯ ಹಾಗೆ ಮುಕ್ಕರಿಯುತ್ತಿತ್ತು. ಅಪ್ಪನ ಬೆನ್ನು ಬಿದ್ದಳು. ಅಳಿಯಂದಿರು ಎರಡೂವರೆ ಸಾವಿರ ಕೊಟ್ಟು ಕಡ್ಡಿ ಮುರಿದಂತೆ ಹೇಳಿದರು:

"ಇದೊಂದ ಸಲ ನೋಡು. ಮತ್ತ ರಿಪೇರಿ ಅಂದ್ರ ಈ ಡಬ್ಬಿ ಮನ್ಯಾಗ ಇರಂಗಿಲ್ಲ."

ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗಾದಿಲಿಂಗಪ್ಪ ಬಂದರು. ಮುಚ್ಚಳ ಬಿಚ್ಚಿ ನೋಡಿದರು. "ಹೊಸಾದ್ ಯಾಕ್ರೀ? ಸೆಕೆಂಡ್ ಹ್ಯಾಂಡ್ ರ್ಯಾಮ್ ಹಾಕೋಣು. ಒಂದು ಹಳೇ ಗ್ರಾಫಿಕ್ಸ್ ಕಾರ್ಡ್ ಐತಿ. ಮಸ್ತ್ ಹಾರ್ತೈತಿ ಬಿಡ್ರಿ."

ರ್ಯಾಮ್ ಅಂದರೆ ನೆನಪಿನ ಶಕ್ತಿಯಂತೆ. ಗ್ರಾಫಿಕ್ಸ್ ಕಾರ್ಡ್ ಅಂದರೆ ಚಿತ್ರ ಬಿಡಿಸುವ ಕೈಯಂತೆ. (ಮೊದಲನೆಯದು ನನಗೂ ಬೇಕಾಗಿತ್ತು. ಹಾಕುವವರಿಲ್ಲ.)

ಅಂದು ಸಂಜೆ ವಿಮಾನ ನಿಜಕ್ಕೂ ಹಾರಿತು. ನಮ್ಮ ಊರು ತೋರಿಸು ಎಂದೆ. ಎಲ್ಲಿ ನೋಡಿದರೂ ಹಸಿರು ಬಯಲು.

"ಹಂಪಿ ಎಲ್ಲೈತೇ?"

"ಇದ ಹಂಪಿ, ಅಜ್ಜಿ."

"ಒಂದು ಕಲ್ಲೂ ಕಾಣವಲ್ದಲ್ಲೇ!"

ಹಂಪಿಯಲ್ಲಿ ಬಂಡೆ ಬಿಟ್ಟು ಉಳಿದದ್ದೆಲ್ಲ ತೋರಿಸುವ ಆಟ. ಆದರೂ ಮೊಮ್ಮಗಳ ಖುಷಿ ನೋಡಿ ನನ್ನ ಎದೆ ತುಂಬಿತು. ಅಲ್ಲಿಂದಲೇ ಶುರುವಾಯಿತು ನನ್ನ ಅವಾಂತರ.

ನಮ್ಮ ಕಡೆಯ ಧೂಳು ನಿಮಗೆ ಗೊತ್ತು. ಲಾರಿ ಒಂದು ಹೋದರೆ ಬಿಳಿ ಅಂಗಿ ಕೆಂಪು, ಬೇವಿನ ಮರ ಕೆಂಪು, ಮೊಸರಿನ ಕೆನೆಯೂ ಕೆಂಪು. ಹಾಗಾಗಿ ನಾವು ಹೆಂಗಸರು ಎಲ್ಲಕ್ಕೂ ಬಟ್ಟೆ ಹೊದಿಸುತ್ತೇವೆ. ಟಿವಿಗೆ, ಮಿಕ್ಸಿಗೆ, ನೀರಿನ ಕೊಡಕ್ಕೆ. ಹೊಸ ಸಾಮಾನು ಹಾಕಿಸಿಕೊಂಡ ಕಂಪ್ಯೂಟರ್ ಬರಿಮೈಯಲ್ಲಿ ಇರಬೇಕೇ? ನನ್ನ ಹಳೆಯ ಇಳಕಲ್ ಸೀರೆ, ನಮ್ಮ ಯಜಮಾನರ ಧೋತರ ಸೇರಿಸಿ, ಐದು ಪದರದ ಕೌದಿ ಹೊಲಿದೆ. ಅಂಚಿಗೆ ತ್ರಿಕೋನ ಇಟ್ಟೆ. ಬಟನ್ನಿಗೊಂದು ಕಿಂಡಿ, ಸಿ.ಡಿ.ಗೊಂದು ಕಿಂಡಿ, ಹಿಂದೆ ವೈರುಗಳಿಗೆ ಸಣ್ಣದೊಂದು ಸೀಳು. ಬೇರೆಲ್ಲೂ ಇರುವೆ ನುಗ್ಗಲೂ ಜಾಗವಿಲ್ಲ!

ಮೇಜಿನ ಕೆಳಗಿದ್ದ ಡಬ್ಬಿಗೆ ತೊಡಿಸಿದೆ. ಅಳತೆ ಕೊಟ್ಟು ಹೊಲಿಸಿದ ಕುಪ್ಪಸದ ಹಾಗೆ ಕೂತಿತು. ಸಹನಾ ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಮರುದಿನದಿಂದ ವಿಮಾನಗಳು ಬೀಳತೊಡಗಿದವು.

ಗಾದಿಲಿಂಗಪ್ಪ ಎರಡು ಸಲ ಬಂದು ಡಬ್ಬಿ ಅಂಗಡಿಗೆ ಒಯ್ದರು. ಒಯ್ಯುವಾಗ ಕೌದಿಯನ್ನು ಜೋಪಾನವಾಗಿ ಬಿಚ್ಚಿ, ಮಡಚಿ ನನ್ನ ಕೈಗಿಟ್ಟು, "ಭಾಳ ಚಂದ ಹೊಲ್ದೀರಿ ಅಮ್ಮಾರ" ಅಂದರು. ಅಂಗಡಿಯಲ್ಲಿ ಎರಡು ತಾಸು ಹಾರಿಸಿದರೂ ಏನೂ ಆಗಲಿಲ್ಲವಂತೆ. ಮನೆಗೆ ತಂದು, ನಾನು ಕೌದಿ ತೊಡಿಸಿದರೆ ಕಾಲು ಗಂಟೆಯಲ್ಲಿ ಟಪ್!

"ನಿಮ್ಮ ಮನಿ ವಾಸ್ತು ಒಮ್ಮೆ ತೋರಿಸ್ರಿ" ಎಂದರು ಕೊನೆಗೆ. ಅಳಿಯಂದಿರಿಗೆ ಅದು ತಾಗಿತು. "ಮುದಿ ಎತ್ತಿಗೆ ಹೊಸ ಕೊಂಬು ಕಟ್ಟಿದ್ರ ಹೋರಿ ಆಗ್ತೈತೇನು? ಸಾಕಿನ್ನ" ಅಂದರು. ಭಾನುವಾರ ಡಬ್ಬಿಯನ್ನು ಬಂಡ್ರಿಯಲ್ಲಿರುವ ಸ್ನೇಹಿತರಿಗೆ ಕೊಟ್ಟುಬಿಡುವುದೆಂದು ತೀರ್ಮಾನವಾಯಿತು.

ಭಾನುವಾರ ಬೆಳಿಗ್ಗೆ ಸಹನಾ ಕೊನೆಯ ಸಲ ಹಾರಿಸಲು ಕೂತಳು. ಏಳನೆಯದೂ ಬಿತ್ತು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಸುಮ್ಮನೆ ಎದ್ದು ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಕಂಪ್ಯೂಟರ್ ಹೋದರೂ ಕೌದಿಯಾದರೂ ಉಳಿಯಲಿ ಎಂದು ಬಗ್ಗಿ ಬಿಚ್ಚಲು ಹೋದೆ. ಕೈ ಚುರ್ ಎಂದಿತು. ಡಬ್ಬಿ ರೊಟ್ಟಿ ಹಂಚಿನಷ್ಟು ಕಾದಿತ್ತು! ಹಿಂದೆ ಒಂದು ಪುಟ್ಟ ಫ್ಯಾನು. ಅದರ ಬಾಯಿಗೆ ಸರಿಯಾಗಿ ನನ್ನ ಇಳಕಲ್ ಸೆರಗು.

ಹೊಸಪೇಟೆಯ ಏಪ್ರಿಲ್ಲಿನಲ್ಲಿ ಐದು ಪದರದ ಕೌದಿ ಹೊದ್ದು ಓಡು ಎಂದರೆ ನೀವಾದರೂ ಓಡುತ್ತೀರಾ? ಅಂಗಡಿಯಲ್ಲಿ ಯಾಕೆ ಹಾರಿತು, ಮನೆಯಲ್ಲಿ ಯಾಕೆ ಬಿತ್ತು, ಎಲ್ಲ ಒಮ್ಮೆಲೇ ತಿಳಿಯಿತು.

ತಿಳಿದರೆ ಆಯಿತೇ? ಹೇಳಬೇಕಲ್ಲ!

ಇಲ್ಲೊಂದು ತೊಡಕಿದೆ. ನಮ್ಮ ಮನೆತನದಲ್ಲಿ ಅತ್ತೆ ಅಳಿಯನೊಂದಿಗೆ ನೇರವಾಗಿ ಮಾತಾಡುವುದಿಲ್ಲ. ಅವರು ಮೂರು ಮೊಳ ದೂರದಲ್ಲಿ ಕೂತಿದ್ದರೂ ನಾನು ಬಾಗಿಲ ಮರೆಯಿಂದ ಮಗಳಿಗೆ, "ಗಿರಿಜಾ, ಊಟಕ್ಕ ಏಳ್ತಾರೇನು ಕೇಳು" ಅನ್ನುತ್ತೇನೆ. ಅವರು, "ಹತ್ತು ನಿಮಿಷ ಅಂತ ಹೇಳು" ಅನ್ನುತ್ತಾರೆ. ಗಿರಿಜಾ ಇಬ್ಬರಿಗೂ ಮತ್ತೊಮ್ಮೆ ಹೇಳುತ್ತಾಳೆ. ಹದಿನಾರು ವರ್ಷ ಹೀಗೇ ನಡೆದಿದೆ. ಅಂದು ಗಿರಿಜಾ ಕಂಪ್ಲಿಗೆ ಯಾರದೋ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಹೋಗಿದ್ದಳು.

ಅಳಿಯಂದಿರು ವೈರು ಸುತ್ತುತ್ತಿದ್ದರು. ಹೊರಗೆ ಆಟೋ ಬಂದು ನಿಂತಿತ್ತು. ಬಚ್ಚಲ ಬಾಗಿಲು ತಟ್ಟಿದೆ. ಸಹನಾ ತೆರೆಯಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಹೇಳಿದೆ:

"ಅದಕ್ಕ ಸೆಕಿ ಆಗೇತಂತ."

ಅಳಿಯಂದಿರು ಅತ್ತಿತ್ತ ನೋಡಿದರು. "ಯಾರಿಗೆ?" ಎಂದು ಅವರೂ ಗೋಡೆಯನ್ನೇ ಕೇಳಿದರು!

ಅಷ್ಟರಲ್ಲಿ ಡಬ್ಬಿ ಎತ್ತಿಯೇ ಬಿಟ್ಟರು. ಇನ್ನು ತಡೆಯಲಾಗಲಿಲ್ಲ.

"ವಿರೂಪಾಕ್ಷಪ್ಪನೋರ, ಇಡ್ರಿ ಅದನ್ನ! ತಪ್ಪು ಕಂಪ್ಯೂಟರ್‌ದಲ್ಲ, ನಂದು. ನನ್ನ ಕೌದಿಯಾಗ ಅದಕ್ಕ ಉಸುರು ಕಟ್ಟೇತಿ. ಮುಟ್ಟಿ ನೋಡ್ರಿ."

ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಅವರಿಗಂತೂ ಗೊತ್ತಿರಲು ಸಾಧ್ಯವೇ ಇಲ್ಲ. ಡಬ್ಬಿ ಇಟ್ಟರು. ಮುಟ್ಟಿದರು. ಆಮೇಲೆ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಬಚ್ಚಲ ಚಿಲಕ ತನ್ನಷ್ಟಕ್ಕೆ ತೆರೆಯಿತು.

ಕೌದಿ ತೆಗೆದು ಒಂದು ತಾಸು ಆರಲು ಬಿಟ್ಟೆವು. ಮತ್ತೆ ವೈರು ಜೋಡಿಸಿದೆವು. ಆಟೋದವನು ಅಷ್ಟು ಹೊತ್ತೂ ಹೋಗದೆ ಕಿಟಕಿಯಲ್ಲಿ ನಿಂತು ನೋಡಿದ. ಕಾಲು ಗಂಟೆ ದಾಟಿತು. ಅರ್ಧ ಗಂಟೆ ದಾಟಿತು. ವಿಮಾನ ಇಳಿಯತೊಡಗಿತು. ನೆಲ ಮುಟ್ಟಿತು, ಎರಡು ಸಲ ಪುಟಿಯಿತು, ಹುಲ್ಲಿನ ಕಡೆ ವಾಲಿತು, ನಿಂತಿತು.

"ಅಪ್ಪಾ!" ಎಂದು ಕೂಗಿ ಸಹನಾ ಬಂದು ಅಪ್ಪಿಕೊಂಡದ್ದು ನನ್ನನ್ನು. ಅಳಿಯಂದಿರು ಆಟೋ ವಾಪಸ್ ಕಳಿಸಿದರು. ಡಬ್ಬಿ ನಮ್ಮಲ್ಲೇ ಉಳಿಯಿತು. ಈಗ ಅದು ಬರಿಮೈಯಲ್ಲೇ ಇದೆ. ಆಟ ಮುಗಿದು ಆರಿದ ಮೇಲೆ ತೆಳ್ಳಗಿನ ಟವೆಲ್ ಹೊದಿಸುತ್ತೇನೆ, ಶುರು ಮಾಡುವ ಮೊದಲು ತೆಗೆಯುತ್ತೇನೆ. ಧೂಳಿಗಿಂತ ನಮ್ಮ ಕಾಳಜಿಯೇ ಹೆಚ್ಚು ಉಸಿರುಗಟ್ಟಿಸುತ್ತದೆ ಎಂದು ಈ ವಯಸ್ಸಿನಲ್ಲಿ ಕಲಿತೆ.

ಒಮ್ಮೆ ತೆರೆದ ಬಾಯಿ ಮಾತ್ರ ಮುಚ್ಚಲಿಲ್ಲ. ಅಂದು ಮಧ್ಯಾಹ್ನ ನಾನೇ ಊಟಕ್ಕೆ ಕರೆದೆ. ಅಳಿಯಂದಿರು ಎರಡು ತುತ್ತು ಉಂಡು, ತಲೆ ಎತ್ತಿ ನನಗೇ ಹೇಳಿದರು:

"ಅತ್ತಿ, ನಿಮ್ಮ ಸಾರಿನಾಗ ಹುಳಿ ಒಂಚೂರು ಭಾಳ ಆಗ್ತೈತ್ರಿ. ಮೊದಲಿಂದಾನೂ."

ಹಾಗಾದರೆ ಮಕ್ಕಳೇ, ಹದಿನಾರು ವರ್ಷದಿಂದ "ಸಾರು ಅಮೃತ ಆಗೇತಿ ಅಂದ್ರು" ಎಂದು ಅಡುಗೆಮನೆ ಬಾಗಿಲಿಗೆ ಬಂದು ಹೇಳುತ್ತಿದ್ದವಳು ನನ್ನ ಮಗಳೋ, ಮಹಾ ಕವಿಯೋ?