ಒಡೆಯದೆ ಬಂದ ಟೆಸ್ಟಿಂಗ್

ದಾವಣಗೆರೆಯ ಓಣಿಗಳಲ್ಲಿ ಮೈಕು ಕಟ್ಟಿಕೊಂಡು ತಿರುಗುವ ಆಟೋಗಳನ್ನು ನೀವು ನೋಡಿರುತ್ತೀರಿ. ಅವುಗಳಲ್ಲಿ ಕೇಳುವ ಧ್ವನಿಗಳ ಪೈಕಿ ಒಂದು ನನ್ನದು. ಸೀರೆ ಅಂಗಡಿಯ ರಿಯಾಯಿತಿ ಮಾರಾಟ ಓದುತ್ತೇನೆ, ಹೊಸ ಖಾನಾವಳಿಯ ಪ್ರಾರಂಭೋತ್ಸವ ಓದುತ್ತೇನೆ. ಆದರೆ ಜನ ನನ್ನನ್ನು ಗುರುತಿಸುವುದು ಸಾವಿನ ಸುದ್ದಿ ಓದುವವನೆಂದೇ. ಮದುವೆ ಮನೆಗೆ ಹೋದರೆ ನಾಲ್ಕು ಜನ ನನ್ನ ಪಕ್ಕದಿಂದ ಎದ್ದು ಬೇರೆ ಕಡೆ ಕೂರುತ್ತಾರೆ. ಕೂರಲಿ ಬಿಡಿ, ಊಟಕ್ಕೆ ಜಾಗ ಸಿಗುತ್ತದೆ.

ಪಿ.ಜೆ. ಬಡಾವಣೆಯ ಹಿಂದಿನ ಸಂದಿಯಲ್ಲಿರುವ ನಮ್ಮ ಮನೆಯ ಹೊರಕೋಣೆಯೇ ನನ್ನ ಸ್ಟುಡಿಯೊ. ಗೋಡೆಗೆಲ್ಲ ಅವ್ವ ಹೊಲಿದ ಕೌದಿಗಳನ್ನು ತೂಗುಹಾಕಿದ್ದೇನೆ, ಧ್ವನಿ ಗೋಡೆಗೆ ಬಡಿದು ವಾಪಸ್ ಬರಬಾರದೆಂದು. ಮೇಜಿನ ಮೇಲೆ ಒಂದು ಮೈಕು, ಒಂದು ಲ್ಯಾಪ್‌ಟಾಪು, ಎರಡರ ನಡುವೆ ಆಡಿಯೊ ಇಂಟರ್‌ಫೇಸ್ ಎಂಬ ಕೆಂಪು ಡಬ್ಬಿ. ಮೈಕಿನ ಧ್ವನಿ ಲ್ಯಾಪ್‌ಟಾಪಿಗೆ ಹೋಗುವುದು ಈ ಡಬ್ಬಿಯ ಮೂಲಕ.

ಈ ಕೋಣೆಗೆ ಎರಡು ಕಟ್ಟುಪಾಡುಗಳಿವೆ. ಸತ್ತವರ ಹೆಸರನ್ನು ಟೆಸ್ಟಿಂಗಿಗೆಂದು ಸುಮ್ಮನೆ ಕರೆಯಬಾರದು, ರೆಕಾರ್ಡಿಂಗಿನಲ್ಲಿ ಮಾತ್ರ ಹೇಳಬೇಕು. ಇದು ನನ್ನದು. ಸಾವಿನ ಫೈಲು ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಉಳಿಯಬಾರದು. ಇದು ನನ್ನ ಹೆಂಡತಿಯದು. ಮೊದಮೊದಲು ಅವಳನ್ನು ಕಾಡಿಸುತ್ತಿದ್ದೆ, ಈಗ ಬಾಯಿ ಮುಚ್ಚಿಕೊಂಡು ಪಾಲಿಸುತ್ತೇನೆ.

ಆ ದಿನ ಬೆಳಿಗ್ಗೆ ಹರಿಹರದಿಂದ ಒಬ್ಬರು ಬಂದರು. ಅವರ ಮಾವ ತೀರಿಕೊಂಡಿದ್ದರು. ಸಂಜೆ ನಾಲ್ಕಕ್ಕೆ ಹೊಳೆದಂಡೆಯಲ್ಲಿ ಮಣ್ಣು ಮಾಡುವುದಿತ್ತು. ನೆಂಟರು ಅರ್ಧ ಅಲ್ಲಿ, ಅರ್ಧ ಇಲ್ಲಿ. ಎರಡೂ ಊರಿನಲ್ಲಿ ಆಟೋ ತಿರುಗಿಸಬೇಕಿತ್ತು, ಆಟೋ ಆಗಲೇ ಬಾಗಿಲಲ್ಲಿ ನಿಂತಿತ್ತು. ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡೆ. ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡೆ. ಹರಿಹರದ ವಾಸಿ, ಗಿರಣಿಯ ನಿವೃತ್ತ ಕಾರ್ಮಿಕ, ವಯಸ್ಸು ಎಪ್ಪತ್ತಾರು. ಹರಿಹರದಲ್ಲಿ ಅಣ್ಣನ ಮನೆಯಲ್ಲಿರುವ ನನ್ನ ಅಪ್ಪನೂ ಅದೇ ಗಿರಣಿಯವನು, ಅದೇ ವಯಸ್ಸಿನವನು. ಹೋದ ತಿಂಗಳಷ್ಟೇ ಎದೆನೋವೆಂದು ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದ.

ಲ್ಯಾಪ್‌ಟಾಪ್ ಹಚ್ಚಿದೆ. ಅದು ನನ್ನನ್ನು ಕೇಳದೆಯೇ ಅಪ್‌ಡೇಟ್ ಆಗುತ್ತಾ ಕೂತಿತ್ತು. ಡಬ್ಬಿಯ ದೀಪ ಉರಿಯುತ್ತಿದೆ, ಲ್ಯಾಪ್‌ಟಾಪಿಗೆ ಮಾತ್ರ ಡಬ್ಬಿಯ ಗುರುತೇ ಇಲ್ಲ. ವೈರ್ ಕಿತ್ತು ಬೇರೆ ಕಡೆ ಚುಚ್ಚಿದೆ. ಗುರುತು ಹತ್ತಿತು, ಆದರೆ ಧ್ವನಿ ಗರಗರ. ಎರಡು ಮಾತು ಸರಿ, ಮೂರನೆಯದು ಚೂರು ಚೂರು.

"ಏನಾತ್ರಿ? ಬಂದ್ ಬಿತ್ತೇನ್ರಿ?" ಎಂದರು ಅಳಿಯ.

"ಡಬ್ಬಿಗೂ ಲ್ಯಾಪ್‌ಟಾಪಿಗೂ ನಡುವೆ ಮಾತಾಡಾಕ ಒಂದು ಸಾಫ್ಟ್‌ವೇರ್ ಇರ್ತೈತ್ರಿ, ಡ್ರೈವರ್ ಅಂತ. ಅದು ಕೆಟ್ಟೈತಿ. ಐದ್ ನಿಮಿಷ ಕೂಡ್ರಿ."

ಐದು ನಿಮಿಷ ಅರ್ಧ ಗಂಟೆಯಾಯಿತು. ಡ್ರೈವರ್ ತೆಗೆದು ಮತ್ತೆ ಹಾಕಿದೆ, ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ. ಬಾಯಿಗೆ ಬಂದಂತೆ ಬೈದೆ. "ಹಲೋ ಹಲೋ" ಎಂದರೆ ಚೆನ್ನಾಗಿ ಬರುತ್ತದೆ, ಉದ್ದಕ್ಕೆ ಓದಿದರೆ ಒಡೆಯುತ್ತದೆ. ಹಾಗಾಗಿ ಉದ್ದಕ್ಕೇ ಓದಿ ನೋಡಬೇಕಿತ್ತು. ಕೈಯಲ್ಲಿದ್ದದ್ದು ಆ ಚೀಟಿಯೊಂದೇ. ಸತ್ತವರ ಹೆಸರು ಹೇಳುವಂತಿಲ್ಲ, ಹೆಸರಿನ ಜಾಗ ಖಾಲಿ ಬಿಟ್ಟರೆ ಓಟ ತಪ್ಪುತ್ತದೆ. ಸಿಟ್ಟಿನಲ್ಲಿ ರೆಕಾರ್ಡ್ ಒತ್ತಿ ಓದುತ್ತಾ ಹೋದೆ.

"ದುಃಖದಿಂದ ತಿಳಿಸುವುದೇನೆಂದರೆ, ಹರಿಹರದ ವಾಸಿಗಳೂ ಗಿರಣಿಯ ನಿವೃತ್ತ ಕಾರ್ಮಿಕರೂ ಆದ..."

ನಾಲಿಗೆ ತಾನಾಗಿ ನನ್ನ ಅಪ್ಪನ ಹೆಸರು ಹೇಳಿತು. ನಿಲ್ಲಿಸಬೇಕೆನ್ನುವಷ್ಟರಲ್ಲಿ ಮುಂದಿನದೂ ಬಾಯಿಂದ ಹೊರಬಿದ್ದಿತ್ತು. "ಅವರು ಇಂದು ಬೆಳಗಿನ ಜಾವ ನಿಧನರಾದರು." ಅಭ್ಯಾಸಬಲ ಎಂತಹದೆಂದರೆ ಕೊನೆಯವರೆಗೂ ಓದಿಯೇ ಮುಗಿಸಿದೆ.

ರೆಕಾರ್ಡಿಂಗ್ ಹಾಕಿ ಕೇಳಿದೆವು. ಒಂದು ಅಕ್ಷರವೂ ಒಡೆದಿರಲಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಧ್ವನಿ ಅಷ್ಟು ತುಂಬಿ ಬಂದದ್ದು ನನಗೆ ನೆನಪಿಲ್ಲ.

"ಭಾಳ ಚಲೋ ಬಂತಲ್ರಿ. ಆದ್ರ ಹೆಸ್ರು ಬ್ಯಾರೆ ಐತಿ. ಯಾರ್ದ್ರಿ ಅದು?"

"ಸುಮ್ನೆ, ಟೆಸ್ಟಿಂಗಿಗೆ" ಎಂದೆ.

ಸತ್ತವರ ನಿಜವಾದ ಹೆಸರು ಹಾಕಿ ಮತ್ತೆ ಓದಿದೆ. ಗರಗರ. ಇನ್ನೊಮ್ಮೆ ಓದಿದೆ. ಹೆಸರು ಬರುವ ಹೊತ್ತಿಗೇ ಧ್ವನಿ ಕಿತ್ತುಹೋಯಿತು. ಅಪ್‌ಡೇಟ್ ಇನ್ನೂ ಹಿಂದೆ ಓಡುತ್ತಿದೆ, ಅದು ಬಿಡುವು ಕೊಟ್ಟಾಗ ಸರಿ ಬರುತ್ತದೆ, ಫೈಲು ಎಳೆದುಕೊಳ್ಳುವಾಗ ಒಡೆಯುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಹೆದರಿಕೆ ಹೋಗಲಿಲ್ಲ. ಲ್ಯಾಪ್‌ಟಾಪು ಅಪ್ಪನ ಹೆಸರನ್ನು ಮಾತ್ರ ಒಪ್ಪಿಕೊಂಡಿದೆ ಎನ್ನಿಸಿತು.

"ಆ ಚಲೋ ಬಂದಿದ್ರಾಗ ಹೆಸ್ರು ಒಂದು ಕಿತ್ತು ನಮ್ ಮಾವಂದು ಕೂಡ್ಸಾಕ ಬರಲ್ಲೇನ್ರಿ? ಹೊತ್ತಾತು" ಎಂದರು ಅಳಿಯ.

ಬರುತ್ತದೆ. ಎರಡು ನಿಮಿಷದ ಕೆಲಸ. "ಆಗಲ್ರಿ!" ಎಂದು ಕಿರುಚಿದೆ. ಹೆಣ ಮನೆಯಲ್ಲಿಟ್ಟು ಬಂದವರ ಮೇಲೆ ಕಿರುಚಬಾರದಿತ್ತು. ಆ ಫೈಲನ್ನು ಅವರ ಕಣ್ಣೆದುರೇ ಡಿಲೀಟ್ ಮಾಡಿ, ಅಂಗಳಕ್ಕೆ ಹೋಗಿ ಅಪ್ಪನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಅತ್ತಿಗೆಗೆ ಮಾಡಿದೆ. ಅವರೂ ಎತ್ತಲಿಲ್ಲ. ಮತ್ತೆ ಅಪ್ಪನಿಗೆ ಮಾಡಿದೆ. ಆಟೋದವನು ಬೀಡಿ ಆರಿಸಿ ನನ್ನ ಮುಖವನ್ನೇ ನೋಡುತ್ತಿದ್ದ.

"ಯಾಕ ಭಾಯ್, ಮನ್ಯಾಗ ಏನಾರ ಐತೇನು?"

"ಏನಿಲ್ಲ" ಎಂದು ಒಳಗೆ ಬಂದೆ. ಬೇರೆ ಯಾವ ಕೆಲಸವಾಗಿದ್ದರೂ ಬಿಟ್ಟು ಹರಿಹರದ ಬಸ್ಸು ಹತ್ತುತ್ತಿದ್ದೆ. ಆದರೆ ಒಬ್ಬರ ಸಾವಿನ ಸುದ್ದಿಯನ್ನು ಅರ್ಧಕ್ಕೆ ಬಿಟ್ಟು ಹೋಗುವುದು ಹೇಗೆ?

ಇಂಟರ್‌ನೆಟ್ ಕಿತ್ತು ಹಾಕಿದೆ. ಆಗ ಅಪ್‌ಡೇಟ್ ನಿಂತಿತು. ಲ್ಯಾಪ್‌ಟಾಪ್ ತಾನಾಗಿ ತಂದು ಹಾಕಿಕೊಂಡಿದ್ದ ಹೊಸ ಡ್ರೈವರನ್ನು ಬೇರುಸಮೇತ ತೆಗೆದೆ. ಡಬ್ಬಿ ಕೊಂಡಾಗಿನ ಹಳೆಯ ಡ್ರೈವರ್ ಒಂದು ಪೆನ್‌ಡ್ರೈವಿನಲ್ಲಿತ್ತು, ಅದನ್ನು ಹಾಕಿದೆ. ಆರಿಸಿ ಹಚ್ಚಿದೆ. ಈ ಸಲ ಸತ್ತವರ ಹೆಸರು ಮೊದಲಿನಿಂದ ಕೊನೆಯವರೆಗೂ ಒಡೆಯದೆ ಬಂತು. ಅಳಿಯ ಕೈ ಮುಗಿದು ಎದ್ದರು. ಆಟೋ ಹೋಯಿತು.

ಬಸ್ ಸ್ಟ್ಯಾಂಡಿಗೆ ಹೊರಟು ಚಪ್ಪಲಿ ಮೆಟ್ಟುವಾಗ ಫೋನ್ ಬಂತು. ಅಪ್ಪ.

"ಏನೋ, ಅಷ್ಟ್ ಸಲ ಮಾಡೀಯಲ್ಲ? ನಮ್ ಗಿರಣಿಯವ್ನು ಒಬ್ಬ ಹೋದ. ನಾನೂ ನಿಮ್ ಅತ್ತಿಗೆನೂ ಅವ್ರ ಮನೀಗೆ ಹೋಗಿದ್ವಿ. ಫೋನ್ ಇಲ್ಲೇ ಬಿಟ್ಟಿದ್ವಿ."

ಮೆಟ್ಟಿದ ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕೂತೆ. ಅಳು ಬಂತು, ತಡೆದುಕೊಂಡೆ.

ಸಂಜೆ ಅವನೇ ಮತ್ತೆ ಫೋನ್ ಮಾಡಿದ. ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ ಕೂತಿದ್ದನಂತೆ.

"ನಿನ್ ಆಟೋ ನಮ್ ಓಣಿಗೂ ಬಂದಿತ್ತು. ಎಷ್ಟ್ ಚಂದ ಓದಿದ್ಯೋ. ಎಲ್ರೂ ಕೇಳಿದ್ರು, ಅವ ನಿನ್ ಮಗ ಅಲ್ಲೇನು ಅಂತ." ಆಮೇಲೆ ಹೇಳಿದ, "ನಂದೂ ನೀನೇ ಓದ್ಬೇಕು ನೋಡು. ಬ್ಯಾರೆಯವ್ರಿಗೆ ಕೊಡಬ್ಯಾಡ."

"ಸುಮ್ನಿರಪ್ಪ, ಏನ್ ಮಾತು ಅದು."

"ಮಾತಲ್ಲೋ. ಹೂಂ ಅನ್ನು."

ಹೂಂ ಅಂದೆ.

ಫೋನಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತೆ. ಹೆಂಡತಿಯ ಕಟ್ಟುಪಾಡಿನಂತೆ ಆ ಹರಿಹರದವರ ಫೈಲನ್ನು ತೆಗೆದುಹಾಕಿದೆ. ಆಮೇಲೆ ಡಿಲೀಟ್ ಮಾಡಿದ್ದೆಲ್ಲ ಹೋಗಿ ಬೀಳುವ ರಿಸೈಕಲ್ ಬಿನ್ ತೆರೆದೆ. ಬೆಳಗಿನ ಟೆಸ್ಟಿಂಗ್ ಅಲ್ಲೇ ಬಿದ್ದಿತ್ತು. ಅಪ್ಪನಿಗೆ ಹೂಂ ಅಂದಿದ್ದೇನೆ, ಆದರೆ ಆ ದಿನ ಬಂದಾಗ ನನ್ನಿಂದ ಅವನ ಹೆಸರಿನಾಚೆ ಒಂದು ಮಾತೂ ಓದಲಾಗುವುದಿಲ್ಲ. ಡ್ರೈವರ್ ಎಷ್ಟೇ ಸರಿಯಿರಲಿ, ಗಂಟಲು ಒಡೆಯುತ್ತದೆ. ಒಡೆಯದ ಓದು ಎಂದರೆ ಇದೊಂದೇ. ಅದರಲ್ಲಿ "ಇಂದು ಬೆಳಗಿನ ಜಾವ" ಎಂದಿದೆ. ಅಪ್ಪನ ಹೊತ್ತನ್ನು ನಾನೇ ಗೊತ್ತುಮಾಡಿಟ್ಟಂತಾಗುತ್ತದೆ ಎಂದು ಕೈ ಹಿಂದೆ ತೆಗೆದೆ, ಮತ್ತೆ ಮುಂದೆ ಇಟ್ಟೆ.

ಫೈಲನ್ನು ವಾಪಸ್ ತಂದು ಹೆಸರಿಲ್ಲದ ಒಂದು ಫೋಲ್ಡರಿನಲ್ಲಿಟ್ಟೆ. ಹೆಂಡತಿ ದೀಪ ಹಚ್ಚಲು ಬೆಂಕಿಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇವತ್ತಿಂದು ತೆಗೆದ್ರೇನ್ರಿ?"

"ತೆಗೆದೆ" ಎಂದೆ.