ದೊಡ್ಡಮ್ಮ ಊಟ ಬಿಟ್ಟ ಹದಿನೇಳು ದಿನ

ಶಾರ್ಕುಗಳ ಪಾಲನೆ ಎಂಬ, ನಮ್ಮಲ್ಲಿ ಇನ್ನೂ ಪಠ್ಯಪುಸ್ತಕ ಕಾಣದ ವಿದ್ಯೆಯಲ್ಲಿ ಮೂವತ್ತೊಂದು ವರ್ಷ ಕೃಷಿ ಮಾಡಿ, ಈ ತಿಂಗಳ ಕೊನೆಗೆ ನಮ್ಮ ಮತ್ಸ್ಯಾಗಾರದಿಂದ ನಿವೃತ್ತರಾಗುತ್ತಿರುವ ಹಿರಿಯ ಪಾಲಕರನ್ನು ಸಂದರ್ಶಕರು ಯಾರೂ ಗುರುತಿಸಲಾರರು. ಗಾಜಿನ ಮುಂದಲ್ಲ, ತೊಟ್ಟಿಯ ಹಿಂಬದಿಯಲ್ಲಿ, ಪಂಪುಗಳ ಗದ್ದಲದ ನಡುವೆ ಅವರ ಆಯುಷ್ಯ ಸವೆದಿದೆ. ನಮ್ಮೆಲ್ಲರ ಬಾಯಲ್ಲಿ ಅವರು ‘ಕಿವಿರು ಮೇಷ್ಟ್ರು’. ಪ್ರತಿ ಶಾರ್ಕಿನ ಕಿವಿರು ನಿಮಿಷಕ್ಕೆ ಎಷ್ಟು ಸಲ ತೆರೆಯಿತೆಂದು ಕೈಗಡಿಯಾರ ಹಿಡಿದು ಎಣಿಸುವವರೆಗೆ ಅವರು ಬೆಳಿಗ್ಗೆ ಯಾರೊಡನೆಯೂ ಮಾತು ತೆಗೆದವರಲ್ಲ. ಎಣಿಕೆಯಲ್ಲಿ ಎರಡು ಹೆಚ್ಚುಕಡಿಮೆಯಾದರೆ ಆ ದಿನ ನಮ್ಮ ಪಾಡು ದೇವರಿಗೇ ಪ್ರೀತಿ!

ತೊಟ್ಟಿಯ ನೀರು ಸೋಸುವ ಶೋಧಕ ತೊಳೆಯುವ ಕೆಲಸಕ್ಕೆಂದು ಸೇರಿದವರು ಅವರು. ಮೊದಲ ಶಾರ್ಕು ಲಾರಿಯಲ್ಲಿ ಬಂದಾಗ ಅರೆಜೀವವಾಗಿತ್ತು. ಎದೆಮಟ್ಟದ ನೀರಿಗಿಳಿದು, ಅದನ್ನು ತೋಳಲ್ಲಿ ಹಿಡಿದು, ಕಿವಿರಿಗೆ ನೀರು ಹರಿಯಲೆಂದು ನಾಲ್ಕು ತಾಸು ನಡೆಸಿದರು. ಅಂದೇ ಅವರು ಪಾಲಕರಾದರು, ಅಂದೇ ಅವರ ಕಟ್ಟಳೆಗಳೂ ಹುಟ್ಟಿದವು. ಬರಿಗೈ ನೀರಿಗೆ ತಾಗಕೂಡದು. ಮೊಣಕೈವರೆಗೆ ರಬ್ಬರ್ ಕೈಗವಸು ಬೇಕೇ ಬೇಕು. ಸೋಪಿನ ಅಂಶವೂ ಮೀನಿಗೆ ವಿಷವೆಂಬುದು ಅವರ ವಾದ. ಸಿಡುಕರೇನೋ ಹೌದು, ಆದರೆ ಸಹೋದ್ಯೋಗಿಯ ಹೆಂಡತಿ ಬಾಣಂತಿಯಾದಾಗ ಮೂರು ವಾರ ಅವನ ಪಾಳಿಯನ್ನೂ ಸಿಡುಕುತ್ತಲೇ ಮಾಡಿದವರು.

ಈ ಅಭಿನಂದನಾ ಸಂಪುಟದ ಸುದ್ದಿ ಕಿವಿಗೆ ಬಿದ್ದಾಗ ಅವರು ಸಂಪಾದಕರನ್ನು ಕರೆಸಿ ಹೇಳಿದ್ದಿಷ್ಟು: “ಹೊಗಳೋದೆಲ್ಲ ಬೇಡ. ಆ ಹದಿನೇಳು ದಿನದ್ದು ಬರೀರಿ. ಇಲ್ಲಾಂದ್ರೆ ಪುಸ್ತಕಾನೇ ಬೇಡ.” ಅವರ ಹಟ ಬಲ್ಲವರು ಎದುರಾಡಲಿಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು. ತೊಟ್ಟಿಗೆಲ್ಲ ಹಿರಿಯದಾದ, ನಾವು ‘ದೊಡ್ಡಮ್ಮ’ ಎಂದು ಕರೆಯುವ ಹೆಣ್ಣು ಶಾರ್ಕು ಊಟ ಬಿಟ್ಟಿತು. ಕೋಲಿನ ತುದಿಯ ಮೀನಿನವರೆಗೆ ಬರುವುದು, ಬಾಯಿ ತೆರೆಯುವಷ್ಟರಲ್ಲಿ ಹೊಡೆತ ತಿಂದಂತೆ ಮುಖ ತಿರುಗಿಸಿ ಹೋಗುವುದು. ಎರಡು ಮೂರು ದಿನ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಐದನೆಯ ದಿನ ಮೇಷ್ಟ್ರೂ ಊಟ ಬಿಟ್ಟರು. ವೈದ್ಯರಿಗೆ ರೋಗ ಸಿಗಲಿಲ್ಲ, ನೀರಿನ ಪರೀಕ್ಷೆಯಲ್ಲಿ ದೋಷ ಸಿಗಲಿಲ್ಲ. ಉಳಿದದ್ದು ಆಹಾರ ಒಂದೇ.

ಹದಿನಾಲ್ಕು ವರ್ಷದಿಂದ ಮೀನು ಕತ್ತರಿಸಿ, ಅದರ ಕಿವಿರಿನೊಳಗೆ ವಿಟಮಿನ್ ಗುಳಿಗೆ ಸಿಕ್ಕಿಸಿ ಕಳಿಸುತ್ತಿದ್ದಾಕೆಯನ್ನು ನಾವೆಲ್ಲ ‘ಅಕ್ಕ’ ಎನ್ನುತ್ತಿದ್ದೆವು. ಆರನೆಯ ದಿನ ಮೇಷ್ಟ್ರು ಎಲ್ಲರೆದುರೇ ಅಂದುಬಿಟ್ಟರು: “ನೀವು ಕೊಡೋ ಮೀನೇ ಸರಿಯಿಲ್ಲಮ್ಮ.”

ಅಕ್ಕ ಮೀನೊಂದನ್ನು ಅವರ ಮೂಗಿನ ಹತ್ತಿರ ಹಿಡಿದಳು. “ಮೂಸಿ ನೋಡಿ ಸಾರ್. ಕೆಟ್ಟಿದ್ರೆ ನಾನು ಕೊಡ್ತೀನಾ?”

ಮೇಷ್ಟ್ರು ಮೂಸಲಿಲ್ಲ. ಅಂದೇ ಅಕ್ಕನನ್ನು ಗ್ಯಾಲರಿಯ ಗಾಜು ಒರೆಸಲು ಹಾಕಿದರು; ದೊಡ್ಡಮ್ಮ ಸತ್ತರೆ ಕೆಲಸದಿಂದಲೇ ತೆಗೆಯುವುದಾಗಿ ಕಚೇರಿ ಕಾಗದ ಕೊಟ್ಟಿತು. ಬೇರೆಯವರು ಕತ್ತರಿಸಿದ ಮೀನನ್ನೂ ದೊಡ್ಡಮ್ಮ ಮುಟ್ಟಲಿಲ್ಲ. ತಪ್ಪು ಮೀನಿನದಲ್ಲವೆಂದು ಆಗಲೇ ಮೇಷ್ಟ್ರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಏಕೆಂದರೆ ಅವರು ವಿಪರೀತ ಹೆದರಿದ್ದರು. ದೊಡ್ಡಮ್ಮನ ಹೊಟ್ಟೆ ಒಳಸೇರುತ್ತಿತ್ತು, ಈಜು ವಾಲುತ್ತಿತ್ತು, ಕಿವಿರಿನ ಎಣಿಕೆ ದಿನದಿನಕ್ಕೆ ಇಳಿಯುತ್ತಿತ್ತು. ಬೆಳಿಗ್ಗೆಯಷ್ಟೇ ಎಣಿಸುತ್ತಿದ್ದ ಮೇಷ್ಟ್ರು ತಾಸಿಗೊಮ್ಮೆ ಎಣಿಸತೊಡಗಿದರು.

ಹದಿನೇಳನೆಯ ದಿನ ಬೆಳಿಗ್ಗೆ ತೊಟ್ಟಿಯ ಕಟ್ಟೆಯ ಬೋಲ್ಟಿಗೆ ಸಿಕ್ಕಿ ಮೇಷ್ಟ್ರ ಕೈಗವಸು ಹರಿಯಿತು, ಹೆಬ್ಬೆರಳು ತರಚಿತು. ಬದಲಿಸುವಷ್ಟು ವ್ಯವಧಾನವಿಲ್ಲದೆ ಹಾಗೆಯೇ ನೀರಿಗೆ ಕೈಯಿಟ್ಟರು. ಗಾಯದಲ್ಲಿ ಇರುವೆ ಕಚ್ಚಿದಂತಾಯಿತು. ತೆಗೆದರು, ಮತ್ತೆ ಇಟ್ಟರು. ಮತ್ತೆ ಅದೇ.

“ಪಂಪ್ ಆರಿಸ್ರೋ!” ಎಂದು ಕೂಗಿದ ಅವರ ದನಿ ಇನ್ನೂ ಕೆಲವರ ಕಿವಿಯಲ್ಲಿದೆ.

ಊಟದ ಜಾಗದ ಪಕ್ಕದಲ್ಲೇ, ಮೂರು ವಾರದ ಹಿಂದೆ ಅವರೇ ಹಟ ಹಿಡಿದು ಹಾಕಿಸಿದ್ದ ಹೊಸ ಪಂಪಿನಿಂದ ಒಂದಿಷ್ಟು ವಿದ್ಯುತ್ತು ನೀರಿಗೆ ಸೋರುತ್ತಿತ್ತು. ಮರಳಿನಡಿ ಅಡಗಿದ ಮೀನಿನ ಮಿಡಿತದ ಸೂಕ್ಷ್ಮ ವಿದ್ಯುತ್ತನ್ನೂ ಗ್ರಹಿಸುವ ಶಾರ್ಕಿನ ಮೂತಿಗೆ ಅಷ್ಟು ಸಾಕಾಗಿತ್ತು, ತುತ್ತು ತುತ್ತಿಗೂ ಮುಖಕ್ಕೆ ಸೂಜಿ ಚುಚ್ಚಿದಂತೆ. ಕೈಗವಸು ತೊಟ್ಟ ನಮಗೆ ಯಾರಿಗೂ ಅದು ತಿಳಿದಿರಲಿಲ್ಲ. ಹಳೆಯ ಪಂಪು ಜೋಡಿಸಿದ ಮಧ್ಯಾಹ್ನವೇ ದೊಡ್ಡಮ್ಮ ಕೋಲಿನ ತನಕ ಬಂದು ಒಂದು ಕ್ಷಣ ತಡೆದು ಬಾಯಿ ಹಾಕಿತು.

ಮೇಷ್ಟ್ರು ಒದ್ದೆ ಬಟ್ಟೆಯಲ್ಲೇ ಗ್ಯಾಲರಿಗೆ ಓಡಿದರು. ಸಂದರ್ಶಕರು ತುಂಬಿದ್ದರು. “ತಪ್ಪು ನಂದಮ್ಮ. ಪಂಪೂ ನಂದೇ, ಗ್ಲೌಸಿನ ರೂಲೂ ನಂದೇ. ಎಲ್ಲರ ಮುಂದೆ ಅಂದಿದ್ದೆ, ಎಲ್ಲರ ಮುಂದೇನೇ ಹೇಳ್ತಿದೀನಿ.”

ಅಕ್ಕ ಒರೆಸುವ ಬಟ್ಟೆ ಹಿಡಿದೇ ಕೇಳಿದಳು: “ಅದೆಲ್ಲ ಆಮೇಲೆ ಸಾರ್. ತಿಂತಾ?”

“ತಿಂತಮ್ಮ. ನಾಲ್ಕು ಮೀನು.”

ಆಕೆ ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತಳು. “ಹನ್ನೊಂದು ದಿನ ನನ್ನ ಕೈನ ನಾನೇ ನಂಬ್ಲಿಲ್ಲ ಸಾರ್. ನಾನೇ ಏನೋ ಮಾಡ್ಬಿಟ್ನಾ ಅಂತ...” ಮೇಷ್ಟ್ರು ಆಕೆಯ ಕೈಯ ಬಟ್ಟೆ ಇಸಿದುಕೊಂಡು ಉಳಿದ ಗಾಜನ್ನು ತಾವೇ ಒರೆಸಿದರು. ಅಂದಿನಿಂದ ಯಾವ ಜೀವಿ ಊಟ ಬಿಟ್ಟರೂ ಅವರು ಮೊದಲು ತಮ್ಮ ಕೆಲಸವನ್ನೇ ಪರೀಕ್ಷಿಸಿದ್ದಾರೆ, ಹೊಸದಾಗಿ ಸೇರಿದವರಿಗೆಲ್ಲ ಮೊದಲ ಪಾಠವಾಗಿ ಈ ತಪ್ಪನ್ನೇ ಹೇಳಿದ್ದಾರೆ.

ಈಗ ಆಹಾರ ವಿಭಾಗದ ಮುಖ್ಯಸ್ಥೆ ಆ ಅಕ್ಕನೇ. ದೊಡ್ಡಮ್ಮನಿಗೆ ವಯಸ್ಸಾಗಿದೆ; ಮೇಷ್ಟ್ರ ಆತಂಕಕ್ಕೆ ನಿವೃತ್ತಿಯಿಲ್ಲವೆಂಬುದು ನಮಗೆ ಗೊತ್ತು. ಅವರಿಗೆ ಆಯುರಾರೋಗ್ಯಗಳು ಕೂಡಿಬರಲಿ, ಅವರ ಪಾಠಗಳು ಮುಂದುವರಿಯಲಿ. ನೂರು ತುಂಬುವವರೆಗೂ ಅವರು ದಿನಾ ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿ “ತಿಂತಾ?” ಎಂದು ಕೇಳುತ್ತಿರಲಿ, “ತಿಂತು ಸಾರ್, ಮೊದಲು ನೀವು ತಿಂಡಿ ತಿನ್ನಿ” ಎಂದು ಆಕೆ ಗದರುತ್ತಿರಲಿ.