ಜೌಗುಗಿಡದ ಮೊದಲ ಹೂವು

ನೈರೋಬಿಯಲ್ಲಿ ನಾನು ಗಣಿತ ಕಲಿಸುತ್ತಿದ್ದ ಎಂಬತ್ತರ ದಶಕದಲ್ಲಿ, ಶನಿವಾರ ಬೆಳಗ್ಗೆ ಫ್ರಿಜ್ ಆರಿಸುವುದು ನಮ್ಮ ಮನೆಯ ನಿಯಮ. ಕಟ್ಟಿದ ಹಿಮ ಕರಗಬೇಕು, ಒಳಗೆಲ್ಲ ಒರೆಸಬೇಕು, ಹತ್ತು ಗಂಟೆಗೆ ಮತ್ತೆ ಚಾಲೂ ಆಗಬೇಕು.

ಆ ವರ್ಷ ನೆರೆಮನೆಯ ಸಸ್ಯಶಾಸ್ತ್ರದ ಉಪನ್ಯಾಸಕರು, ಮಂಗಳೂರು ಕಡೆಯವರು, ಒಂದು ಗಿಡ ತಂದುಕೊಟ್ಟರು. ಕೆನ್ಯಾ ಪರ್ವತದ ಎತ್ತರದ ಜೌಗಿನಲ್ಲಿ ಬೆಳೆಯುವಂಥದ್ದು. ಅಂಗೈಯಗಲ, ನೆಲಕ್ಕಂಟಿದ ಎಲೆಗಳು. ಅವರು ಬೀಜ ಹಾಕಿ ಎಬ್ಬಿಸಿದ ಸಸಿಗಳಲ್ಲಿ ಉಳಿದದ್ದು ಇದೊಂದೇ.

“ನಿಮ್ಮ ಹಿತ್ತಲು ತಂಪುಂಟು ಮೇಡಂ, ನೀವು ಟೈಮ್‌ಟೇಬಲ್‌ನವರು ಬೇರೆ. ಗೊಬ್ಬರ ಬೇಡ, ನಲ್ಲಿ ನೀರು ಬೇಡ, ಮಳೆನೀರು ಮಾತ್ರ. ಬೀಜ ಆದ್ರೆ ನಂಗೆ ಕೊಡಿ ಮಾರಾಯ್ರೆ, ಇಲ್ಲದಿದ್ರೆ ಇದು ಇಲ್ಲಿಗೇ ಮುಗೀತು.”

ಮಳೆ ನಿಂತು, ನೀರು ಹಿಡಿದಿಟ್ಟಿದ್ದ ಡ್ರಮ್ಮು ಖಾಲಿಯಾದಾಗ ಅವರನ್ನೇ ಕೇಳಿದೆ. ಫ್ರಿಜ್‌ನ ಹಿಮ ಕರಗಿದ ನೀರೂ ಆಗುತ್ತದೆ ಎಂದರು. ಮೋರಿಗೆ ಹೋಗುತ್ತಿದ್ದುದನ್ನು ಬಾಟಲಿಗೆ ತುಂಬತೊಡಗಿದೆ.

ಮೈಸೂರಿನಿಂದ ಬಂದಿದ್ದ ನಮ್ಮತ್ತೆಗೆ ಇದು ಸರಿಬರಲಿಲ್ಲ. “ಬರೀ ನೀರು ಕುಡಿಸ್ತೀಯಲ್ಲೇ! ಅಕ್ಕಿ ತೊಳೆದ ನೀರು ಒಂದು ಲೋಟ ಹಾಕ್ಲಾ?”

“ಬೇಡ ಅತ್ತೆ. ಸಾರ ಕೊಟ್ರೆ ಅದು ಕೊಳೆಯುತ್ತೆ.”

“ಸಪ್ಪೆ ಊಟವೇ ಹಿಡಿಸುತ್ತೆ ಅನ್ನು. ಸರಿಯಾದ ಮನೆಗೇ ಬಂದಿದೆ.”

ಕೊನೆಗೆ ಒಂದೇ ಒಂದು ಮೊಗ್ಗು ಎದ್ದಿತು. ಯಾವ ಗಿಡದ್ದೇ ಆಗಲಿ, ಮೊದಲ ಹೂ ದೇವರಿಗೆ. ಅತ್ತೆಯ ಈ ಪದ್ಧತಿಗೆ ನಮ್ಮ ಗುಲಾಬಿ, ದಾಸವಾಳ ಎಲ್ಲವೂ ಒಳಪಟ್ಟಿದ್ದವು.

“ಇದನ್ನು ಕಿತ್ತರೆ ಬೀಜ ಇಲ್ಲ ಅತ್ತೆ. ಬೇರೆ ಮೊಗ್ಗೂ ಇಲ್ಲ.”

“ದೇವರಿಗೆ ಇಲ್ಲದ್ದು ನಿನ್ನ ಮೇಷ್ಟರಿಗೆ ಯಾಕೆ?”

ಅಂದಿನಿಂದ ದಿನವೂ ಎದ್ದೊಡನೆ ಹಿತ್ತಲಿಗೆ ಹೋಗಿ ನೋಡುತ್ತಿದ್ದೆ.

ಹೂ ಅರಳಿದ್ದು ಶನಿವಾರವೇ: ಬಿಳಿ, ನಡುವೆ ತುಸು ನೀಲಿ. ನಾನು ಫ್ರಿಜ್ ಒರೆಸುತ್ತಿದ್ದಾಗ ಅತ್ತೆ ಸ್ನಾನ ಮುಗಿಸಿ, ಹೂಬುಟ್ಟಿ ಹಿಡಿದು ಹಿತ್ತಲ ಬಾಗಿಲು ದಾಟಿದ್ದು ಕಂಡಿತು. ಒದ್ದೆ ಬಟ್ಟೆ ಕೈಯಲ್ಲಿದ್ದ ಹಾಗೆಯೇ ಓಡಿದೆ.

ಹೂವು ಗಿಡದಲ್ಲೇ ಇತ್ತು. ಅತ್ತೆ ಬುಟ್ಟಿಯಿಂದ ಹೆಬ್ಬೆರಳುದ್ದದ ಹಿತ್ತಾಳೆ ಕೃಷ್ಣನನ್ನು ತೆಗೆದು ಕುಂಡದ ಅಂಚಿನಲ್ಲಿ ಕೂರಿಸುತ್ತಿದ್ದರು.

“ದಿನಾ ನಾವೇ ನಿನ್ನ ಹತ್ರ ತರಬೇಕಾ? ಇವತ್ತೊಂದಿನ ನೀನೇ ಬಂದು ನೋಡ್ಕೋ,” ಎಂದು ಅವನಿಗೆ ಹೇಳಿ, ನನ್ನತ್ತ ತಿರುಗಿದರು. “ನಿಂತ್ಕೊಂಡು ಏನು ನೋಡ್ತೀಯಾ? ಅಭಿಷೇಕಕ್ಕೆ ಆ ಫ್ರಿಜ್ ನೀರು ತಾ. ಹಾಲು ಹಾಕೋ ಹಾಗಿಲ್ವಲ್ಲ ಇಲ್ಲಿ.”

ಹೂವು ಬಾಡಿ ಕಾಯಿ ಕಟ್ಟಿತು; ಬೀಜ ಉಪನ್ಯಾಸಕರಿಗೆ ತಲುಪಿತು. ಆ ಶನಿವಾರ ಮಾತ್ರ ನಮ್ಮ ಫ್ರಿಜ್ ಚಾಲೂ ಆಗುವಾಗ ಹನ್ನೊಂದು ದಾಟಿತ್ತು.